ಒಂಬತ್ತನೆಯ ಸ್ಥಾನದ ಬೌಲ್

ನಮ್ಮ ಮನೆಯ ಶೋಕೇಸಿನಲ್ಲಿ, ಮೇರಿ ಮಾತೆಯ ಪ್ರತಿಮೆಯ ಬಲಗಡೆ, ಬೆಳ್ಳಿ ಬಣ್ಣದ ಒಂದು ಬೌಲ್ ಇತ್ತು. ಮೊದಲು ಮಂಗಳೂರಿನಲ್ಲಿತ್ತು. ನರ್ಸ್ ಕೆಲಸದಲ್ಲಿರುವ ಮಗಳು ನಮ್ಮಿಬ್ಬರನ್ನು ಅಬುಧಾಬಿಯ ಬನಿಯಾಸಿಗೆ ಕರೆಸಿಕೊಂಡಾಗ ನನ್ನ ಹೆಂಡತಿ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ, ವಿಮಾನದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದಳು. ಅದರ ಮೇಲೆ ಇಂಗ್ಲಿಷಿನಲ್ಲಿ ‘ರಗ್ಬಿ ಸೆವೆನ್ಸ್, ಬೌಲ್ ವಿನ್ನರ್ಸ್’ ಎಂದು ಕೆತ್ತಿದೆ. ಕೆಳಗೆ ಒಂದು ತಂಡದ ಹೆಸರಿದೆ. ಆ ತಂಡದಲ್ಲಿ ನಾನೂ ಆಡಿದ್ದೆ ಎಂದು ಮೂವತ್ತಕ್ಕೂ ಹೆಚ್ಚು ವರ್ಷ ಹೇಳಿಕೊಂಡು ಬಂದಿದ್ದೇನೆ.

ನಾನು ರಗ್ಬಿ ಆಡಿಲ್ಲ. ಆ ಚೆಂಡನ್ನು ಒಮ್ಮೆ ಮಾತ್ರ ಮುಟ್ಟಿದ್ದೇನೆ. ಅದು ಮೈದಾನದಿಂದ ಹಾರಿ ಬಂದು ನನ್ನ ಚಹಾದ ಲೋಟಕ್ಕೆ ಬಡಿದಿತ್ತು.

ನಡೆದದ್ದು ಇಷ್ಟು. ಹತ್ತನೇ ತರಗತಿ ಪಾಸು ಮಾಡಿ ದುಬೈಗೆ ಬಂದವನ ಬಳಿ ಇದ್ದ ಆಸ್ತಿ ದುಂಡಗಿನ ಅಕ್ಷರ ಒಂದೇ. ಅದರಿಂದಲೇ ದೇರಾದ ಒಂದು ಟ್ರೋಫಿ ಅಂಗಡಿಯಲ್ಲಿ ಹೆಸರು ಕೆತ್ತುವ ಕೆಲಸ ಸಿಕ್ಕಿತು. ಶಾಲೆ, ಬ್ಯಾಂಕು, ಕ್ರಿಕೆಟ್ ಸಂಘ ಎಲ್ಲರಿಗೂ ಕೆತ್ತಿದ್ದೇನೆ. ವರ್ಷಕ್ಕೊಮ್ಮೆ, ಚಳಿ ಶುರುವಾಗುವ ಹೊತ್ತಿಗೆ, ದೇಶದೇಶಗಳ ತಂಡಗಳು ಬಂದು ಎರಡು ದಿನ ರಗ್ಬಿ ಆಡುತ್ತಿದ್ದವು. ಗೆದ್ದವರ ಹೆಸರನ್ನು ಅಲ್ಲೇ ಕೆತ್ತಿ ಕೊಡಬೇಕಿತ್ತು. ಆದ್ದರಿಂದ ನಮ್ಮ ಸೇಠ್ ನನ್ನನ್ನು ಕೆತ್ತುವ ಯಂತ್ರದ ಜೊತೆ ಮೈದಾನಕ್ಕೆ ಕಳಿಸುತ್ತಿದ್ದರು. ಹೊರಡುವಾಗ ಪ್ರತಿ ಸಲ ಬೆರಳೆತ್ತಿ ಒಂದೇ ಮಾತು ಹೇಳುತ್ತಿದ್ದರು: “ಮೊದಲು ಅವರು ಕೈಕುಲುಕಬೇಕು. ಆಮೇಲೆ ನೀನು ಹೆಸರು ಬರೆಯಬೇಕು. ಸಮಜಾ?”

ಈಗ ಟಿವಿಯಲ್ಲಿ ಕಾಣುವ ಹಸಿರು ಮೈದಾನ ಆಗ ಇರಲಿಲ್ಲ. ಅವರು ಮರಳಿನ ಮೇಲೆ ಆಡುತ್ತಿದ್ದರು. ದಪ್ಪ ತೊಡೆಯ ಗಂಡಸರು ಒಬ್ಬರ ಮೇಲೊಬ್ಬರು ಬಿದ್ದು, ಎದ್ದು, ಮೊಣಕಾಲಿನ ರಕ್ತಕ್ಕೆ ಅಂಟಿದ ಮರಳನ್ನು ಒರೆಸಿಕೊಂಡು ನಗುತ್ತಿದ್ದರು. ತಂಡಕ್ಕೆ ಏಳು ಜನ, ಅರ್ಧಕ್ಕೆ ಏಳು ನಿಮಿಷ. ಒಂದು ಚಹಾ ಕುಡಿದು ಮುಗಿಸುವಷ್ಟರಲ್ಲಿ ಒಂದು ಪಂದ್ಯ ಮುಗಿಯುತ್ತಿತ್ತು.

ನನಗೆ ಅರ್ಥವಾಗದೆ ಇದ್ದದ್ದು ಬಹುಮಾನದ ಲೆಕ್ಕ. ಒಂದೇ ಪಂದ್ಯಾವಳಿಗೆ ಕಪ್, ಪ್ಲೇಟ್, ಬೌಲ್, ಶೀಲ್ಡ್ ಎಂದು ನಾಲ್ಕು. ನಮ್ಮೂರ ವಾಲಿಬಾಲಿನಲ್ಲಿ ಸೋತವರು ಶರ್ಟು ಹಾಕಿಕೊಂಡು ಮನೆಗೆ ಹೋಗುವುದು, ಅಷ್ಟೆ. ಇಲ್ಲಿ ಸೋತವರನ್ನು ಒಟ್ಟುಮಾಡಿ ಅವರಿಗೆ ಬೇರೆ ಪಂದ್ಯ, ಅಲ್ಲೂ ಸೋತವರಿಗೆ ಮತ್ತೊಂದು ಪಂದ್ಯ. ಕೇಳಿದಾಗ ಅಲ್ಲಿನ ಒಬ್ಬ ಇಂಗ್ಲಿಷ್ ಮುದುಕ ಹೇಳಿದ: “ಅಷ್ಟು ದೂರದಿಂದ ಬಂದಿದ್ದಾರಲ್ಲಪ್ಪ, ಒಂದೇ ದಿನಕ್ಕೆ ಹೇಗೆ ವಾಪಸು ಕಳಿಸುವುದು?” ನನಗೆ ನಗು ಬಂತು. ಇವರಿಗೆ ಸೋಲುವುದಕ್ಕೂ ಸರಿಯಾಗಿ ಬರುವುದಿಲ್ಲ ಅಂದುಕೊಂಡೆ.

ಆ ವರ್ಷ ಬೌಲಿನ ಫೈನಲ್ ನಡೆದದ್ದು ಶುಕ್ರವಾರ ಮಧ್ಯಾಹ್ನ. ದೇರಾದ ನಮ್ಮ ರೂಮಿನಲ್ಲಿ ಎಂಟು ಜನ, ಶುಕ್ರವಾರ ಮೀನು ಮಾರ್ಕೆಟಿನಿಂದ ಅಂಜಲ್ ತಂದು ಗಸಿ ಮಾಡುವ ದಿನ. ತಡವಾಗಿ ಬಂದವನಿಗೆ ಬಾಲ ಮತ್ತು ಸಾರು. ಆ ವರ್ಷ ಮೂರು ಶುಕ್ರವಾರ ಸಾಲಾಗಿ ನನಗೆ ಬಾಲ ಸಿಕ್ಕಿತ್ತು. ಬೌಲಿನ ಪಂದ್ಯದಲ್ಲಿ ಒಂದು ತಂಡ ಮುಂದಿತ್ತು. ನಾಲ್ಕೂ ಬಹುಮಾನಕ್ಕೆ ಹೆಸರು ಕೆತ್ತುವಷ್ಟರಲ್ಲಿ ಅಂಜಲಿನ ತಲೆ ಖಲಾಸ್ ಎಂದು ಲೆಕ್ಕ ಹಾಕಿದೆ. ಅರ್ಧ ಆಟದ ಹೊತ್ತಿಗೇ ಯಂತ್ರ ಶುರು ಮಾಡಿದೆ.

ಕೊನೆಯ ಅಕ್ಷರ ಮುಗಿಸುವುದಕ್ಕೂ ಸಮಯ ಮುಗಿದ ಹಾರ್ನ್ ಊದುವುದಕ್ಕೂ ಸರಿಹೋಯಿತು. ನನ್ನ ಜಾಣತನಕ್ಕೆ ನಾನೇ ಮೆಚ್ಚಿ ಬಾಯಿಯಿಂದ ಊದಿ ಬೌಲಿನ ಪುಡಿ ಹಾರಿಸಿದೆ. ತಲೆ ಎತ್ತಿ ನೋಡಿದರೆ ಆಟ ಇನ್ನೂ ನಡೆಯುತ್ತಿದೆ! ರಗ್ಬಿಯಲ್ಲಿ ಹಾರ್ನ್ ಊದಿದರೂ ಚೆಂಡು ಸಾಯುವ ತನಕ, ಎಂದರೆ ಗೆರೆಯಾಚೆ ಹೋಗುವ ಅಥವಾ ತಪ್ಪಾಗಿ ನಿಲ್ಲುವ ತನಕ ಪಂದ್ಯ ಮುಗಿಯುವುದಿಲ್ಲ ಎಂದು ನನಗೆ ಗೊತ್ತಾದದ್ದು ಆಗ. ಹಿಂದಿದ್ದ ತಂಡದ ಸಣಕಲನೊಬ್ಬ ಚೆಂಡನ್ನು ಎದೆಗವಚಿಕೊಂಡು ಮೈದಾನದ ಆ ತುದಿಯಿಂದ ಓಡಿಬಂದು ಕಂಬಗಳ ನಡುವೆ ಬಿದ್ದ. ಜನ ಕೂಗಿದರು. ನಾನು ಕೆತ್ತಿದ ತಂಡ ಒಂದೇ ಅಂಕದಿಂದ ಸೋತಿತು.

ಪುಣ್ಯಕ್ಕೆ ಪೆಟ್ಟಿಗೆಯಲ್ಲಿ ಒಂದು ಹೆಚ್ಚುವರಿ ಬೌಲ್ ಇತ್ತು. ಅದಕ್ಕೆ ಸರಿಯಾದ ಹೆಸರು ಕೆತ್ತಿ ಕೊಟ್ಟೆ. ತಪ್ಪಾದದ್ದನ್ನು ಟವೆಲಿನಲ್ಲಿ ಸುತ್ತಿ ಚೀಲದ ತಳಕ್ಕೆ ತುರುಕಿದೆ. “ಸೇಠ್, ಒಂದು ಬೌಲ್ ಕೆಳಗೆ ಬಿದ್ದು ಜಜ್ಜಿಹೋಯಿತು, ಬಿಸಾಡಿದೆ” ಎಂದೆ. ಅದು ಮೊದಲನೆಯ ಸುಳ್ಳು. ರೂಮಿಗೆ ಹೋದಾಗ ಬಾಲವೂ ಮುಗಿದಿತ್ತು.

ಎರಡನೆಯ ಸುಳ್ಳನ್ನು ನಾನು ಹೇಳಲೂ ಇಲ್ಲ. ರಜೆಯಲ್ಲಿ ಊರಿಗೆ ಹೋದಾಗ ನನ್ನ ತಾಯಿ ಆ ಬೌಲಿನಲ್ಲಿ ಬಾಳೆಹಣ್ಣು ಹಾಕಿ ಮೇಜಿನ ಮೇಲೆ ಇಟ್ಟಿದ್ದಳು. ಅದೇ ದಿನ ನನ್ನನ್ನು ನೋಡಲು ಹೆಣ್ಣಿನ ತಂದೆ ಬಂದರು. ಪ್ರಾಯದಲ್ಲಿ ಕಬಡ್ಡಿ ಆಡಿದ ಗಟ್ಟಿ ಆಸಾಮಿ. ಹಣ್ಣು ತೆಗೆದುಕೊಳ್ಳುತ್ತ ಅಕ್ಷರ ಓದಿದರು.

“ಇದು ಪಂದ್ಯದ್ದಲ್ಲವಾ? ನೀವು ಆಡುವುದುಂಟಾ?”

ನಾನು ತಲೆ ಅಲ್ಲಾಡಿಸಿದೆ. ಹೌದು ಎನ್ನುವ ಹಾಗೂ ಇತ್ತು, ಇಲ್ಲ ಎನ್ನುವ ಹಾಗೂ ಇತ್ತು. ಅವರು ಎದ್ದು ಬಂದು ನನ್ನ ಭುಜ ಹಿಚುಕಿ ನೋಡಿದರು. “ಸಪೂರ ಕಾಣುತ್ತೀರಿ. ಆದರೆ ಒಳಗೆ ಎಲುಬು ಗಟ್ಟಿ ಉಂಟು” ಎಂದರು. ಮದುವೆ ನಿಶ್ಚಯವಾಯಿತು.

ಆಮೇಲೆ ಸುಳ್ಳನ್ನು ಸಾಕಬೇಕಾಯಿತು. ಮಳೆಗಾಲದಲ್ಲಿ ಮೊಣಕಾಲು ನೋವು ಬಂದರೆ “ಹಳೆಯ ಆಟದ ಪೆಟ್ಟು” ಎನ್ನುತ್ತಿದ್ದೆ. ಹೆಂಡತಿ ಎಣ್ಣೆ ಬಿಸಿ ಮಾಡಿ ತಿಕ್ಕುತ್ತಿದ್ದಳು. ಇಷ್ಟೇ ಆಗಿದ್ದರೆ ದೇವರೂ ನಕ್ಕು ಬಿಡುತ್ತಿದ್ದನೇನೋ. ಆದರೆ ಮಗಳು ಶಾಲೆಯ ಓಟದಲ್ಲಿ ಸೋತು ಅಳುತ್ತ ಬಂದ ದಿನ ನಾನು ಬೌಲಿನ ಕಡೆ ಕೈ ತೋರಿಸಿ, “ಸೋತವರಿಗೆ ಈ ಲೋಕದಲ್ಲಿ ಏನೂ ಇಲ್ಲ. ನಿನ್ನ ಅಪ್ಪ ಬರಿಗೈಯಲ್ಲಿ ಮನೆಗೆ ಬಂದವನಲ್ಲ” ಎಂದುಬಿಟ್ಟೆ. ಅವಳು ಮತ್ತೆ ಓಟಕ್ಕೆ ಹೆಸರು ಕೊಡಲೇ ಇಲ್ಲ.

ಈಗ ಆ ಮಗಳ ಮಗಳಿಗೆ ಹನ್ನೆರಡು ವರ್ಷ. ಇಲ್ಲಿನ ಶಾಲೆಯಲ್ಲಿ ಹುಡುಗಿಯರೂ ರಗ್ಬಿ ಆಡುತ್ತಾರೆ. ಹೋದ ವರ್ಷ ಅವಳು ತಂಡಕ್ಕೆ ಸೇರಿದಳು. ಮನೆಯಲ್ಲಿ ಬೌಲ್ ನೋಡಿ ಬೆಳೆದವಳು, ಅಜ್ಜನ ರಕ್ತ ಎಂದು ಹೆಂಡತಿ ಊರಿಗೆಲ್ಲ ಫೋನು ಮಾಡಿ ಹೇಳಿದಳು. ನನ್ನ ರಕ್ತ ತಣ್ಣಗಾಯಿತು.

ಒಂದು ಸಂಜೆ ಹುಡುಗಿ ಶೋಕೇಸಿನ ಮುಂದೆ ನಿಂತು, ಕೈಯಲ್ಲಿ ಮೊಬೈಲು ಹಿಡಿದು ಕರೆದಳು.

“ಗ್ರ್ಯಾಂಪಾ, ವೇಟ್. ನೀವು ಚಾಂಪಿಯನ್ ಅಂತ ಹೇಳಿದ್ದಲ್ಲವಾ?”

“ಹೌದು ಬಾಯೆ.” ಮುದ್ದಿಗೆ ನಾನು ಅವಳನ್ನು ಕರೆಯುವುದು ಹಾಗೆ.

“ಬಟ್ ಇದು ಬೌಲ್. ಹದಿನಾರು ಟೀಮ್. ನಾಲ್ಕು ಗುಂಪು. ಪ್ರತಿ ಗುಂಪಲ್ಲಿ ಮೇಲಿನ ಎರಡು ಟೀಮ್ ಕಪ್ಪಿಗೆ ಹೋಗ್ತದೆ. ಅಲ್ಲಿ ಮೊದಲ ಮ್ಯಾಚ್ ಸೋತವರಿಗೆ ಪ್ಲೇಟ್. ಕೆಳಗಿನ ಎರಡು ಟೀಮ್ ಬೌಲಿಗೆ. ಅಲ್ಲೂ ಸೋತವರಿಗೆ ಶೀಲ್ಡ್.” ಬೆರಳು ಮಡಚಿ ಎಣಿಸಿದಳು. “ಸೋ, ನೀವು ಒಂಬತ್ತನೆಯವರು!”

ಮೂವತ್ತು ವರ್ಷದ ಚಾಂಪಿಯನ್ ಅರೆ ನಿಮಿಷದಲ್ಲಿ ಒಂಬತ್ತನೆಯವನಾದೆ. ಅಡುಗೆಮನೆಯಿಂದ ಹೆಂಡತಿ ಸೌಟು ಹಿಡಿದೇ ಬಂದಳು. “ಏನಂತೆ ಇವರದ್ದು? ಒಂಬತ್ತಾ?”

ನಾನು ಮುಖ ತಗ್ಗಿಸಿದೆ. ಆದರೆ ಹುಡುಗಿ ನಗಲಿಲ್ಲ. ಓಡಿಬಂದು ನನ್ನ ಕುತ್ತಿಗೆಗೆ ಜೋತುಬಿದ್ದಳು. ಅವರ ತಂಡ ಆ ವರ್ಷ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲವಂತೆ. ಶನಿವಾರದ ಶಾಲಾ ಪಂದ್ಯಾವಳಿಯ ನಂತರ ಆಟ ಬಿಡುವುದೆಂದು ಇವಳು ಅಮ್ಮನಿಗೂ ಹೇಳಿ ಆಗಿತ್ತು. “ಆದ್ರೆ ನೀವು ಮೊದಲ ದಿನ ಸೋತು, ಮಾರನೆ ದಿನ ಮರಳಲ್ಲಿ ಆಡಿ ಗೆದ್ದಿರಿ. ನಾನೂ ಬಿಡಲ್ಲ. ಶನಿವಾರ ಬೌಲ್ ತಗೊಂಡು ಬನ್ನಿ, ನಮ್ಮ ಟೀಮಿಗೆ ಹೇಳಿ. ಪ್ರಾಮಿಸ್?”

ನನ್ನ ಸುಳ್ಳಿನ ಮೇಲೆ ಮಗು ಕಾಲಿಟ್ಟು ನಿಂತಿತ್ತು. ಸುಳ್ಳು ಬಿಟ್ಟರೆ ಅವಳು ಆಟ ಬಿಡುತ್ತಾಳೆ. ಬಿಡದಿದ್ದರೆ ಹನ್ನೆರಡು ಮಕ್ಕಳ ಮುಂದೆ ನಿಂತು ಮತ್ತೊಮ್ಮೆ ಹೇಳಬೇಕು.

ಮಾರನೆಯ ದಿನ ಚರ್ಚಿಗೆ ಹೋಗಿ ಪಾಪನಿವೇದನೆಯ ಪೆಟ್ಟಿಗೆಯಲ್ಲಿ ಮೊಣಕಾಲೂರಿದೆ. ಜಾಲರಿಯಾಚೆಗಿನ ಫಾದರ್ ಬಿಳಿಯರು, ಯಾವ ದೇಶದವರೆಂದು ಗೊತ್ತಿಲ್ಲ. ನನಗೆ ಬರುವ ಇಂಗ್ಲಿಷಿನಲ್ಲಿ ಎಲ್ಲ ಹೇಳಿದೆ. ಹಾರ್ನ್ ಊದಿದ ಕಡೆಗೆ ಬಂದಾಗ ಆಚೆಯಿಂದ ಕುರ್ಚಿ ಕಿರುಗುಟ್ಟಿತು.

“ಹಾರ್ನ್ ಆದಮೇಲೂ ಚೆಂಡು ಆಟದಲ್ಲಿತ್ತಾ?”

“ಇತ್ತು ಫಾದರ್.”

“ಎಷ್ಟು ದೂರ ಓಡಿದ?”

“ಪೂರಾ ಮೈದಾನ, ಫಾದರ್.”

“ಮರಳಿನ ಮೇಲೆ!” ಎಂದು ಅವರು ಉಸಿರು ಬಿಟ್ಟರು. “ನೀವು ಅದನ್ನು ನೋಡಿದಿರಾ?”

“ಕೊನೆಯ ಸ್ವಲ್ಪ ಮಾತ್ರ. ತಲೆ ಬಗ್ಗಿಸಿ ಬೌಲಿನ ಪುಡಿ ಊದುತ್ತಿದ್ದೆ.”

“ಅಯ್ಯೋ” ಎಂದರು ಫಾದರ್. ನನ್ನ ಸುಳ್ಳಿಗಿಂತ ಅದೇ ದೊಡ್ಡ ಪಾಪವೆಂಬ ಹಾಗಿತ್ತು ಆ ಅಯ್ಯೋ. ಆಮೇಲೆ ತಮ್ಮ ಕೆಲಸ ನೆನಪಾಗಿ ಗಂಟಲು ಸರಿಮಾಡಿಕೊಂಡರು. ಜಪ ಹೇಳಲು ಕೊಟ್ಟು, “ಮಗುವಿಗೆ ನಿಜ ಹೇಳಿ. ಪಂದ್ಯಕ್ಕೆ ಮೊದಲು ಹೇಳಬೇಕು, ನಂತರ ಅಲ್ಲ” ಎಂದರು.

ಶುಕ್ರವಾರ ಇಡೀ ದಿನ ಹೇಳಲು ಬಾಯಿ ತೆರೆದೆ, ಮುಚ್ಚಿದೆ. ಕಡೆಗೆ ಹೇಳಿದ್ದು ಶನಿವಾರ ಬೆಳಿಗ್ಗೆ, ಮೈದಾನದ ಪಾರ್ಕಿಂಗಿನಲ್ಲಿ. ಹೆಂಡತಿ, ಮಗಳು ಕಾರಿನಲ್ಲೇ ಇದ್ದರು. ಬೌಲ್ ನನ್ನ ತೊಡೆಯ ಮೇಲಿತ್ತು. ಅಂಜಲಿನಿಂದ ಶುರುಮಾಡಿ ಬಾಳೆಹಣ್ಣಿನವರೆಗೆ ಎಲ್ಲ ಹೇಳಿದೆ. ಮಗಳ ಕಡೆ ತಿರುಗಿ, “ಆ ದಿನ ಓಟದ ವಿಷಯದಲ್ಲಿ ನಿನಗೆ ಹೇಳಿದ್ದು ತಪ್ಪು” ಎಂದೂ ಹೇಳಿದೆ. ಅವಳು ಸ್ಟೇರಿಂಗ್ ನೋಡುತ್ತ ಕೂತಳು. “ಈಗ ನೆನಪಾಯಿತಾ ಪಪ್ಪಾ?” ಎಂದಳು, ಅಷ್ಟೆ.

ಮೊದಲು ದನಿ ಎತ್ತಿದವಳು ಹೆಂಡತಿ. “ಮತ್ತೆ ಮೊಣಕಾಲು?”

“ಅದು ಬರೀ ವಾತ.”

“ನನ್ನ ಎಣ್ಣೆ! ಇಷ್ಟು ವರ್ಷ ಎಷ್ಟು ಎಣ್ಣೆ ತಿಕ್ಕಿದ್ದೇನೆ ನಾನು!”

ಮೊಮ್ಮಗಳು ಬೂಟಿನ ದಾರ ಬಿಗಿದು ಇಳಿದು ಹೋದಳು. ಬೌಲ್ ಕೇಳಲಿಲ್ಲ.

ಎಂಟು ಶಾಲೆಗಳು. ಇವಳ ತಂಡ ಬೆಳಿಗ್ಗೆ ಮೂರು ಪಂದ್ಯ ಸೋತಿತು, ಮಧ್ಯಾಹ್ನ ಒಂದು ಸೋತಿತು. ಉಳಿದದ್ದು ಏಳನೆಯ ಸ್ಥಾನಕ್ಕೆ ಆಡುವ ಆಟ. ಬಿಸಿಲು ಚುರುಕಾಗಿತ್ತು. ಬೇರೆ ಶಾಲೆಯವರು ಯಲ್ಲಾ ಯಲ್ಲಾ ಎನ್ನುತ್ತ ಮಕ್ಕಳನ್ನು ಬಸ್ಸು ಹತ್ತಿಸುತ್ತಿದ್ದರು. ಹೆಂಡತಿ ಕಾರಿನಲ್ಲಿ ಎಸಿ ಹಾಕಿಕೊಂಡು ನನ್ನ ಮೇಲೆ ಮುನಿದು ಕೂತಿದ್ದಳು. ಮನೆಯಲ್ಲಿ ಅಂಜಲ್ ಮಸಾಲೆ ಹಚ್ಚಿ ಇಟ್ಟಿತ್ತು. ನಾನು ಗೆರೆಯ ಪಕ್ಕದ ಬೆಂಚಿನಿಂದ ಏಳಲಿಲ್ಲ.

ಹಾರ್ನ್ ಊದಿದಾಗ ಇವಳ ತಂಡ ಹಿಂದಿತ್ತು. ಎದುರು ತಂಡದ ಹುಡುಗಿಯರು ಕೈ ಮೇಲೆತ್ತಿ ಕುಣಿಯಲು ಶುರುಮಾಡಿದರು. ಚೆಂಡು ಇವಳ ಕೈಯಲ್ಲಿತ್ತು. ಇವಳೂ ನಿಂತುಬಿಟ್ಟಳು.

“ಮುಗಿದಿಲ್ಲ ಬಾಯೆ!” ನಾನು ಬೆಂಚಿನ ಮೇಲೆ ಹತ್ತಿ ಕಿರುಚಿದೆ. “ಚೆಂಡು ಸತ್ತಿಲ್ಲ! ಓಡು!”

ಆಡುತ್ತಿದ್ದವರಲ್ಲಿ ಕನ್ನಡ ತಿಳಿಯುವವಳು ಅವಳೊಬ್ಬಳೇ. ಓಡಿದಳು. ಮೂವರು ಬೆನ್ನು ಹತ್ತಿದರು. ಗೆರೆಗೆ ಎರಡು ಮಾರು ಇರುವಾಗ ಒಬ್ಬಳು ಇವಳ ಸೊಂಟ ಹಿಡಿದಳು. ಚೆಂಡು ಜಾರಿ ಹೊರಗೆ ಉರುಳಿತು. ಆಗ ಸತ್ತಿತು. ಎಂಟರಲ್ಲಿ ಎಂಟನೆಯ ಸ್ಥಾನ.

ಕೈಕುಲುಕುವುದೆಲ್ಲ ಮುಗಿದ ಮೇಲೆ ಬಂದು ನನ್ನ ಪಕ್ಕ ಕೂತಳು. ಮೊಣಕಾಲು ತರಚಿತ್ತು, ಹುಲ್ಲಿನ ಹಸಿರು ಅಂಟಿತ್ತು. ಬಹಳ ಹೊತ್ತು ನೀರು ಕುಡಿದಳು.

“ನೀವು ಹೋಗ್ಲಿಲ್ಲ” ಎಂದಳು.

“ಇಲ್ಲ.”

“ಫಿಶ್?”

“ಇರುತ್ತದೆ. ಎಲ್ಲಿ ಹೋಗುತ್ತದೆ?”

ಅವಳು ಬೌಲನ್ನು ನನ್ನ ಕೈಯಿಂದ ತೆಗೆದುಕೊಂಡು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. “ಈ ಟೀಮ್ ಪಾಪ. ಹತ್ತನೆಯವರು. ನೀವು ಅವರಿಗೆ ಸುಮ್ನೆ ಒಂದು ಸ್ಥಾನ ಮೇಲೆ ಕೊಟ್ರಿ.” ಮತ್ತೆ ನನ್ನ ಕಡೆ ಕಣ್ಣು ಕಿರಿದು ಮಾಡಿದಳು. “ನೀವು ಆಡಿದ್ರೆ ಅವರು ಹದಿನಾರು ಆಗ್ತಿದ್ರು.”

ನಕ್ಕಳು. ನಾನು ಅಳಲೂ ಆಗದೆ ನಗಲೂ ಆಗದೆ ಕೂತೆ.

ಈಗ ದುಬೈಯ ಆ ದೊಡ್ಡ ಪಂದ್ಯಾವಳಿ ಊರಾಚೆಯ ದೊಡ್ಡ ಸ್ಟೇಡಿಯಮ್ಮಿನಲ್ಲಿ ನಡೆಯುತ್ತದೆ. ಹೆಂಗಸರ ತಂಡಗಳೂ ಬರುತ್ತವೆ. ದೇಶಗಳ ಆಟದಲ್ಲಿ ತಂಡಗಳ ಸಂಖ್ಯೆ ಕಡಿಮೆ ಮಾಡಿ, ಬೌಲ್ ಶೀಲ್ಡ್ ಎಲ್ಲ ತೆಗೆದಿದ್ದಾರೆ ಎಂದು ಮೊಮ್ಮಗಳೇ ಹೇಳಿದಳು. ನನಗೆ ಬೇಸರವಾಯಿತು. ಆ ಇಂಗ್ಲಿಷ್ ಮುದುಕನ ಮಾತು ಈಗ ನನಗೆ ಅರ್ಥವಾಗುತ್ತದೆ.

ನಮ್ಮ ಬೌಲ್ ಮೇರಿ ಮಾತೆಯ ಪಕ್ಕದಿಂದ ಇಳಿದಿದೆ. ಆ ಶನಿವಾರ ಸಂಜೆಯೇ ಹೆಂಡತಿ ಅದನ್ನು ಅಡುಗೆಮನೆಗೆ ಒಯ್ದು ಬೆಳ್ಳುಳ್ಳಿ ತುಂಬಿದಳು. ಮಂಗಳವಾರ ಮತ್ತು ಗುರುವಾರ ಮೊಮ್ಮಗಳಿಗೆ ರಗ್ಬಿ ಅಭ್ಯಾಸ. ಕರೆದುಕೊಂಡು ಹೋಗುವುದು ನಾನು. ಮುಗಿಯುವ ತನಕ ಕೂರುತ್ತೇನೆ. ಮೊಣಕಾಲು ನೋಯುತ್ತದೆ, ಯಾರಿಗೂ ಹೇಳುವುದಿಲ್ಲ. ಎಣ್ಣೆ ನಾನೇ ಹಚ್ಚಿಕೊಳ್ಳುತ್ತೇನೆ.