ತೊಟ್ಟಿಯಲ್ಲಿ ನೆನೆದ ಹೆಸರು

ಬ್ರಾಂಕ್ಸಿನ ನಮ್ಮ ಕಟ್ಟಡದಲ್ಲಿ ಲೆಸ್ಟರ್‌ನಷ್ಟು ರೆಕಾರ್ಡು ತೊಳೆದವರು ಇನ್ನೊಬ್ಬರಿಲ್ಲ. ಆಗಿನ್ನೂ ಹಿಪ್ ಹಾಪ್ ಎಂಬ ಹೆಸರು ಸರಿಯಾಗಿ ಬಿದ್ದಿರಲಿಲ್ಲ. ದೀಪದ ಕಂಬದಿಂದ ಕರೆಂಟು ಎಳೆದು, ಯಾವುದೋ ಹಳೆ ಹಾಡಿನ ನಡುವೆ ಬರುವ ಡ್ರಮ್ಮಿನ ತುಣುಕನ್ನೇ ರೆಕಾರ್ಡಿನಿಂದ ಮತ್ತೆ ಮತ್ತೆ ನುಡಿಸಿದನೆಂದರೆ ಇಡೀ ಬೀದಿ ಕುಣಿಯುತ್ತಿತ್ತು. ನನ್ನ ಮಂಡಿ ಹಾಳಾದದ್ದೇ ಅವನಿಂದ.

ಆ ಹಾಡು ಯಾವುದೆಂದು ಎದುರು ಬೀದಿಯ ಡಿಜೆ ರೂಫಸ್‌ಗೆ ಗೊತ್ತಾಗಬಾರದು. ಅದಕ್ಕೇ ರೆಕಾರ್ಡಿನ ನಡುವೆ ಹೆಸರು ಅಚ್ಚಾದ ಚೀಟಿಯನ್ನು ಸ್ನಾನದ ತೊಟ್ಟಿಯಲ್ಲಿ ನೆನೆಹಾಕಿ ಕಿತ್ತುಬಿಡುತ್ತಿದ್ದ. ಡಿಜೆಗಳೆಲ್ಲ ಮಾಡುತ್ತಿದ್ದದ್ದೇ. ಲೆಸ್ಟರ್ ಎಂಥ ಕಟ್ಟುನಿಟ್ಟಿನವನೆಂದರೆ, ಕಿತ್ತ ಹೆಸರನ್ನು ಮನಸ್ಸಿನಲ್ಲೂ ಉಳಿಸಿಕೊಳ್ಳಲಿಲ್ಲ.

"ನಾನ್ಯಾವಾಗಪ್ಪಾ ಸ್ನಾನ ಮಾಡ್ಲಿ? ನಿನ್ನ ರೆಕಾರ್ಡಿಂದು ಮುಗಿದ್ಮೇಲಾ?" ಎಂದು ಅವನಮ್ಮ ಒಡೆಸ್ಸಾ ಬಾಗಿಲು ಬಡಿಯುವುದು ಕೆಳಮನೆಯ ನಮಗೂ ಕೇಳುತ್ತಿತ್ತು. ಆಮೇಲೆ ನೀರು ಕಟ್ಟಿಕೊಂಡರೆ, ಕಟ್ಟಡದ ರಿಪೇರಿಯವನು ಬಂದು ಕೊಳವೆಗೆ ಕೈಹಾಕಿ ಚೀಟಿಗಳನ್ನು ತೆಗೆದು ಒಯ್ಯುತ್ತಿದ್ದ. ರಿಪೇರಿಯವನು ರೂಫಸ್‌ನ ಅಪ್ಪ. ಇದು ಲೆಸ್ಟರ್‌ಗೆ ಗೊತ್ತಿದ್ದದ್ದೇ, ತಲೆಗೆ ಹೋಗಿರಲಿಲ್ಲ ಅಷ್ಟೆ.

ಒಂದು ಬೇಸಿಗೆಯಲ್ಲಿ ರೆಕಾರ್ಡು ಕಂಪನಿಯವನೊಬ್ಬ ಬಂದು ಆ ಡ್ರಮ್ಮಿನ ತುಣುಕು ಕೇಳಿ ಮೆಚ್ಚಿದ. ಲೆಸ್ಟರ್ ಜೀವ ಹಿಡಿದುಕೊಂಡು ಕಾದಿದ್ದದ್ದು ಇದಕ್ಕೇ, ತನ್ನ ಹೆಸರಿನದೊಂದು ರೆಕಾರ್ಡಿಗೆ.

"ಸ್ಟುಡಿಯೋದಲ್ಲಿ ನಮ್ಮ ಬ್ಯಾಂಡಿನೋರು ಇದನ್ನೇ ನುಡಿಸ್ತಾರೆ. ಇದ್ಯಾವ ಹಾಡು ಹೇಳಪ್ಪ, ಹಾಡಿನೋರ ಒಪ್ಪಿಗೆ ತಗೋಬೇಕು."

"ಅದು ಗುಟ್ಟು ಸರ್."

"ನನಗೂ ಗುಟ್ಟಾ?"

ಲೆಸ್ಟರ್ ಚೀಟಿಯಿಲ್ಲದ ರೆಕಾರ್ಡನ್ನು ಮಗುಚಿ ನೋಡಿದ. "ನನಗೂ," ಎಂದ.

ರೆಕಾರ್ಡಿನ ಅಂಗಡಿ ಅಂಗಡಿಗೆ ಹೋಗಿ, ರೆಕಾರ್ಡು ಮಾತ್ರ ತೋರಿಸದೆ, ಮೇಜಿನ ಮೇಲೆ ಆ ತಾಳ ಕುಟ್ಟಿ ಕೇಳಿದ. ಯಾರಿಗೂ ತಿಳಿಯಲಿಲ್ಲ. ಕೊನೆಗೆ ಒಡೆಸ್ಸಾಳೇ ಅಂದಳು, "ರೂಫಸ್‌ನ ಕೇಳೋ. ಅವರಪ್ಪ ಆ ಚೀಟಿಗಳನ್ನೆಲ್ಲ ಒಣಗಿಸಿ ಇಟ್ಕೊಂಡಿದಾನಂತೆ."

ಆಗ ಲೆಸ್ಟರ್‌ನ ತಲೆಗೆ ಹೋಯಿತು. "ಸತ್ತರೂ ಅವನ ಮನೆ ಬಾಗಿಲಿಗೆ ಹೋಗಲ್ಲ."

ಹೋಗಲಿಲ್ಲ. ರೂಫಸ್ ಆ ಚೀಟಿ ಹಿಡಿದು ಕಂಪನಿಯ ಬಾಗಿಲಿಗೆ ಹೋದ.

ಮುಂದಿನ ಬೇಸಿಗೆಗೆ ರೂಫಸ್‌ನ ರೆಕಾರ್ಡು ಎಲ್ಲ ಕಿಟಕಿಗಳಿಂದಲೂ ಕೇಳುತ್ತಿತ್ತು. ನನಗೆ ಲೆಸ್ಟರ್‌ನ ಪರವಾಗಿ ಹೊಟ್ಟೆ ಉರಿಯಿತು. ಆದರೂ, "ಅದನ್ನೇ ಹಾಕೋ ಲೆಸ್ಟರ್," ಎಂದು ಪೀಡಿಸಿದವರಲ್ಲಿ ನಾನೂ ಒಬ್ಬ. ಪಾಪ, ಒಂದು ಪ್ರತಿ ಕೊಂಡು ತಂದ. ಅವತ್ತು ಸಂಜೆ ಒಡೆಸ್ಸಾ ಬಾಗಿಲು ಬಡಿಯುವುದು ಮತ್ತೆ ಕೇಳಿಸಿತು.

"ಈಗ ಯಾವುದನ್ನೋ ನೆನೆಹಾಕಿದೀಯ?"

ಒಳಗೆ ನಲ್ಲಿ ಇನ್ನಷ್ಟು ಜೋರಾಗಿ ಸುರಿಯತೊಡಗಿತು.

ಮರುದಿನ ಬೀದಿಯಲ್ಲಿ ಅವನು ಹಾಕಿದ ರೆಕಾರ್ಡಿಗೆ ಚೀಟಿ ಇರಲಿಲ್ಲ. ಸೂಜಿ ತಾಗಿದ್ದೇ ತಡ, ರೆಕಾರ್ಡಿನೊಳಗಿಂದ ರೂಫಸ್ ಹಾಡಿನ ಮೊದಲ ಸಾಲಿನಲ್ಲೇ ತನ್ನ ಹೆಸರನ್ನು ತಾನೇ ಕೂಗಿ ಹೇಳಿದ.