ಸದ್ದು ಮಾಡಿ ಒಳಗ ಬರ್ರಿ

ಕಣ್ಣಿಗೆ ಹಾಕಿದ ಹನಿಯ ಕಹಿ ಗಂಟಲಿಗೂ ಇಳಿಯುತ್ತದೆಂದು ಐವತ್ಮೂರು ವರ್ಷ ನನಗೆ ಗೊತ್ತಿರಲಿಲ್ಲ. ಹೋದ ತಿಂಗಳು ನಾನಿರುವ ಜಮಖಂಡಿಯ ಕಣ್ಣಿನ ದವಾಖಾನೆಯೊಂದರ ಬೆಂಚಿನ ಮೇಲೆ ಕಣ್ಣು ಮುಚ್ಚಿಕೊಂಡು ಕೂತಾಗ ಗೊತ್ತಾಯಿತು. ಕನ್ನಡಕದ ನಂಬರ್ ಬದಲಿಸಿಕೊಂಡು ಬರೋಣವೆಂದು ಹೋದವನು ನಾನು. ಡಾಕ್ಟರರು ಯಂತ್ರದಲ್ಲಿ ಬಹಳ ಹೊತ್ತು ನೋಡಿದರು. ಬಹಳ ಹೊತ್ತು ನೋಡುವ ಡಾಕ್ಟರರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು.

"ಕಣ್ಣಿನ ಒತ್ತಡ ಹೆಚ್ಚೈತ್ರಿ. ನರ ಸವದೈತಿ. ಹೋದ ದೃಷ್ಟಿ ತಿರುಗಿ ಬರೂದಿಲ್ಲ, ಇದ್ದದ್ದು ಉಳಿಸ್ಕೋಬೇಕು. ಹನಿ ಒಂದ ದಿನಾನೂ ತಪ್ಪಸಬ್ಯಾಡ್ರಿ" ಅಂದರು.

ನಾನು ಮಹಾ ಧೈರ್ಯವಂತನ ಹಾಗೆ "ಆತ್ರಿ" ಅಂದೆ. ಹೊರಗೆ ಬಂದು ಬೇರೆ ಯಾರದೋ ಚಪ್ಪಲಿ ಮೆಟ್ಟಿಕೊಂಡು ರಸ್ತೆಯವರೆಗೂ ನಡೆದೆ.

ಮನೆಯಲ್ಲಿ ಹೆಂಡತಿ ಕೇಳಿದಳು. "ನಂಬರ್ ಬದಲಾಗೈತಿ, ಅಷ್ಟ" ಅಂದುಬಿಟ್ಟೆ. ಹನಿಯ ಸೀಸೆಯನ್ನು ಆಫೀಸಿನ ಚೀಲದಲ್ಲಿ ಬಚ್ಚಿಟ್ಟೆ. ಅಂದಿನಿಂದ ನನ್ನದು ಕಳ್ಳನ ಬಾಳು. ಬಚ್ಚಲ ಬಾಗಿಲು ಹಾಕಿಕೊಂಡು ಹನಿ ಬಿಟ್ಟುಕೊಳ್ಳುವುದು. ಒಂದು ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರ್ ಓದುವುದು, ಆಮೇಲೆ ಇನ್ನೊಂದು. ನಿನ್ನೆ ಕಂಡ ಅಕ್ಷರ ಇವತ್ತು ಮಸುಕಾಯಿತೇ? ಅಥವಾ ಕ್ಯಾಲೆಂಡರೇ ಮಾಸಿದೆಯೇ? ಹೆಂಡತಿ ಒಮ್ಮೆ ನೋಡಿ, "ಕ್ಯಾಲೆಂಡರಿಗೆ ಕಣ್ಣ ಹೊಡ್ಯಾಕತ್ತೀರೇನು?" ಎಂದು ನಕ್ಕಳು. ನಾನೂ ನಕ್ಕೆ. ನೀವೂ ನಗಬಹುದು. ಆದರೆ ಎದೆಯೊಳಗೆ ಏನೋ ತಣ್ಣಗೆ ಕುಳಿತುಬಿಟ್ಟಿತ್ತು, ಊಟಕ್ಕೆ ಕೂತರೂ ಏಳುತ್ತಿರಲಿಲ್ಲ.

ಹೀಗೆ ಬಚ್ಚಲಲ್ಲಿ ಕಣ್ಣು ಮುಚ್ಚಿ ನಿಂತಿದ್ದಾಗಲೇ ವೈನಿಯ ನೆನಪಾದದ್ದು. ವೈನಿ ಅಂದರೆ ನನ್ನ ಅಣ್ಣನ ಹೆಂಡತಿ ರತ್ನವ್ವ.

ನಮ್ಮದು ಬೀರಪ್ಪನ ಒಕ್ಕಲಾದ ಕುರಿ ಕಾಯುವ ಮನೆತನ. ಅಣ್ಣನೇ ಮೊದಲು ಓದಿ ಬನಹಟ್ಟಿಯಲ್ಲಿ ಸಾಲಿ ಮಾಸ್ತರನಾದ. ವೈನಿ ಗಲಗಲಿಯವಳು. ಮದುವೆಗೆ ಮುಂಚೆ ಹೊಳೆದಂಡೆಯಲ್ಲಿ ಕುರಿ ಮೇಯಿಸಿದವಳು. ಆಚೆ ದಂಡೆಯ ಹಿಂಡಿನಲ್ಲಿ ತಮ್ಮ ಕುರಿ ಸೇರಿಕೊಂಡಿದ್ದರೆ ಈಚೆ ನಿಂತೇ ಗುರುತಿಸುತ್ತಿದ್ದಳಂತೆ. ನಾನು ಡಿಗ್ರಿ ಓದಲು ಬನಹಟ್ಟಿಗೆ ಹೋಗಿ ಅವರ ಎರಡು ಕೋಣೆಯ ಮನೆಯಲ್ಲೇ ಇದ್ದೆ. ಓಣಿಯ ತುಂಬ ಮಗ್ಗಗಳು. ಅವುಗಳ ಸದ್ದಿಗೆ ಎಷ್ಟು ಒಗ್ಗಿಹೋಗಿದ್ದೆನೆಂದರೆ ಕರೆಂಟು ಹೋಗಿ ಮಗ್ಗ ನಿಂತರೆ ನನಗೆ ಎಚ್ಚರವಾಗುತ್ತಿತ್ತು. ವೈನಿ ಮನೆಯಲ್ಲೇ ರಾಟಿ ಇಟ್ಟುಕೊಂಡು ನೇಕಾರರಿಗೆ ಮಗ್ಗದ ಲಾಳಿಯೊಳಗಿಡುವ ನೂಲಿನ ಕಂಡಿಕಿ ಸುತ್ತಿಕೊಡುತ್ತಿದ್ದಳು.

ಆ ವರ್ಷ ಅವಳು ಸಂಜೆಯ ಹೊತ್ತು ಕೊಡ ಎಡವತೊಡಗಿದಳು. ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಳ್ಳುತ್ತಿದ್ದಳು. "ವೈನಿ, ಗೋಡಿಗೆ ದಾರಿ ಬಿಡ್ರಿ" ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ. ಅಣ್ಣ ಅವಳನ್ನು ಮಿರಜಿಗೆ ಕರೆದುಕೊಂಡು ಹೋಗಿ ತೋರಿಸಿದ. ನೋಟ ಅಂಚಿನಿಂದ ಮುಚ್ಚುತ್ತ ಬರುತ್ತದೆ, ಒಂದು ದಿನ ಪೂರ್ತಿ ಮುಚ್ಚುತ್ತದೆ, ಔಷಧವಿಲ್ಲ ಅಂದರಂತೆ ಅಲ್ಲಿಯ ಡಾಕ್ಟರರು.

"ಈಗ ಹ್ಯಾಂಗ ಕಾಣ್ತೈತ್ರಿ?" ಎಂದು ವೈನಿಯನ್ನು ಕೇಳಿದೆ.

"ಕೈಬಳಿಯೊಳಗ ಹಾಯಿಸಿ ನೋಡಿದಂಗ. ಬಳಿ ಸಣ್ಣದಾಗಾಕತ್ತೈತಿ" ಅಂದಳು.

ವಿಷಯ ಹೊರಗೆ ಹೋಗಬಾರದೆಂದು ಅಣ್ಣ ಕಟ್ಟುನಿಟ್ಟಾಗಿ ಹೇಳಿದ. ಗೊತ್ತಿದ್ದ ನಾಲ್ಕು ಮಂದಿ ನೆಂಟರು ಬಂದು "ಧೈರ್ಯ ತಗೋವಾ" ಅನ್ನುವರು. ವೈನಿ ಹೂಂಗುಟ್ಟಿ ಚಹಾ ಮಾಡಿಕೊಟ್ಟು ಕಳಿಸುವಳು. ಮಧ್ಯಾಹ್ನ ಯಾರೂ ಇಲ್ಲದಾಗ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮನೆಯೊಳಗೆ ಓಡಾಡುವಳು. ಒಲೆ ಎಲ್ಲಿ, ಉಪ್ಪಿನ ಡಬ್ಬಿ ಎಲ್ಲಿ ಎಂದು ಕೈಗೆ ಕಲಿಸುತ್ತಿದ್ದಳು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ. ಪುಸ್ತಕ ಹಿಡಿದು ಹೊರಗಿನ ಕಟ್ಟೆಗೆ ಹೋಗುತ್ತಿದ್ದೆ.

ಒಂದು ಮಧ್ಯಾಹ್ನ, ಬೇಸಿಗೆ. ಪರೀಕ್ಷೆಗೆ ಓದುತ್ತೇನೆಂದು ಕಟ್ಟೆಯ ಮೇಲೆ ಕೂತು ತೂಕಡಿಸುತ್ತಿದ್ದೆ. ಒಳಗಿನಿಂದ ವೈನಿ "ಸುಧಾ" ಎಂದು ಕೂಗಿದಳು. ಸುಧಾ ಅವಳ ಎರಡು ವರ್ಷದ ಮಗಳು. ಎರಡನೆಯ ಕೂಗು ಮೊದಲಿನದಕ್ಕಿಂತ ಗಟ್ಟಿಯಾಗಿತ್ತು. ಮೂರನೆಯದು ಮನುಷ್ಯರ ಕೂಗಿನ ಹಾಗಿರಲಿಲ್ಲ. ನಾನು ಬಿದ್ದು ಎದ್ದು ಒಳಗೆ ಓಡಿದೆ.

ಹಿತ್ತಲಲ್ಲಿ ನೆಲಮಟ್ಟದ ನೀರಿನ ಟಾಕಿ ಇತ್ತು. ಅದರ ಮುಚ್ಚಳ ಸರಿದಿತ್ತು. ಕಣ್ಣಿನ ಬಟ್ಟೆ ಕಿತ್ತು ಎಸೆದಿದ್ದ ವೈನಿ ಟಾಕಿಯ ಬಾಯಿಯ ಹತ್ತಿರ ಅಡ್ಡಬಿದ್ದು, ಭುಜದವರೆಗೆ ಕೈ ಇಳಿಬಿಟ್ಟು ನೀರನ್ನು ಕಲಕುತ್ತಿದ್ದಳು. ಬಾಯಲ್ಲಿ ಒಂದು ಸಣ್ಣ ನರಳಾಟ ಅಷ್ಟೆ.

ಆಗ ಕಂಡೆ. ಸುಧಾ ಅವಳ ಎಡಕ್ಕೆ, ಒಂದು ಮಾರು ದೂರದಲ್ಲಿ ನಿಂತಿದ್ದಳು. ಎರಡೂ ಕೆನ್ನೆ ಉಬ್ಬಿದ್ದವು. ಡಬ್ಬಿಯಿಂದ ಬೆಲ್ಲ ಕದ್ದು ಬಾಯಿ ತುಂಬ ತುರುಕಿಕೊಂಡಿತ್ತು ಕೂಸು. "ಓ" ಅಂದರೆ ಬೆಲ್ಲ ಹೊರಗೆ ಬರುತ್ತದೆಂದು ಉಸಿರು ಬಿಗಿಹಿಡಿದು ಅವ್ವನನ್ನೇ ನೋಡುತ್ತಿತ್ತು.

"ವೈನಿ, ಇಲ್ಲೇ ಅದಾಳ್ರಿ! ನಿಮ್ಮ ಎಡಕ!"

ವೈನಿ ಕತ್ತನ್ನು ಪೂರಾ ತಿರುಗಿಸಿದ ಮೇಲೆಯೇ ಮಗಳು ಅವಳಿಗೆ ಕಂಡದ್ದು. ಕೂಸನ್ನು ಎಳೆದು ಅಪ್ಪಿಕೊಂಡಳು.

"ಕಣ್ಣ ಬಿಟ್ಟ ಹುಡುಕಿದ್ನೋ ತಮ್ಮಾ. ಕಣ್ಣ ಬಿಟ್ಟಿದ್ದೆ" ಅಂದಳು.

ಅದನ್ನೇ ನಾಲ್ಕೈದು ಸಲ ಅಂದಳು. ನಾನು ಟಾಕಿಯ ಮುಚ್ಚಳ ಎಳೆದು ಮುಚ್ಚಿದೆ.

ಅವತ್ತು ಸಂಜೆ ಅಣ್ಣ ಬರುವ ಮೊದಲೇ ವೈನಿ ಬಾಗಿಲಲ್ಲಿ ನಿಂತು ಓಣಿಯ ಹೆಂಗಸರನ್ನೆಲ್ಲ ಕರೆದಳು. "ನನ್ನ ಕಣ್ಣ ಹೊಂಟಾವ್ರಿ. ಈಗ ಅರ್ಧಾ ಹೋಗ್ಯಾವು. ನನ್ನ ಮಗಳ ಓಣ್ಯಾಗ ಕಂಡ್ರ ಒಂದ ಮಾತ ಕೂಗಿ ಹೇಳ್ರಿ. ನೀವೂ ಸದ್ದು ಮಾಡಿ ಒಳಗ ಬರ್ರಿ, ಸುಮ್ಮನ ಬಂದ್ರ ನನಗ ಭಾಳ ಅಂಜಿಕಿ ಆಗ್ತೈತಿ." ಎದುರುಮನೆಯ ಮುದುಕಿ ಶಾಂತವ್ವ ಕಣ್ಣೊರೆಸಿಕೊಂಡು, "ಅಯ್ಯ, ನನಗ ಸುಮ್ಮನಿರೂದು ಎಲ್ಲಿ ಬರ್ತೈತೆವ್ವಾ" ಅಂದಳು. ಅಣ್ಣ ಎರಡು ದಿನ ವೈನಿಯೊಡನೆ ಮಾತು ಬಿಟ್ಟ. ಮೂರನೆಯ ದಿನ ತಾನೇ ಟಾಕಿಗೆ ಕಬ್ಬಿಣದ ಮುಚ್ಚಳ ಹಾಕಿಸಿ ಕೀಲಿ ಜಡಿದ.

ಆಮೇಲೆ ನಮ್ಮ ಮನೆ ವಾಚಾಳಿ ಮನೆಯಾಯಿತು. "ಬಂದೆ ವೈನಿ", "ಕುಂತೆ ವೈನಿ", "ನೀರ ಕುಡ್ಯಾಕತ್ತೇನಿ ವೈನಿ" ಎಂದು ನಾನು ನನ್ನದೇ ವರದಿ ಒಪ್ಪಿಸುತ್ತಿದ್ದೆ. ಸುಧಾಗೆ ಆರು ತುಂಬುವ ಹೊತ್ತಿಗೆ ವೈನಿಗೆ ಪೂರ್ತಿ ಕತ್ತಲಾಯಿತು. ಕೆಂಪು ನೂಲಿನ ಜಾಗದಲ್ಲಿ ಹಸಿರು ಸುತ್ತಿಕೊಟ್ಟು ನೇಕಾರನಿಂದ ಬೈಸಿಕೊಂಡು ಅತ್ತಳು. ಮರುದಿನ ಮಗಳ ಕೈಯಿಂದ ಬಣ್ಣಕ್ಕೊಂದು ಬುಟ್ಟಿ ಗೊತ್ತು ಮಾಡಿಸಿಕೊಂಡಳು. ಅಣ್ಣ ತೀರಿಕೊಂಡು ಮೂರು ವರ್ಷವಾಯಿತು. ಸುಧಾ ಈಗ ತೇರದಾಳದಲ್ಲಿ ಮಾಸ್ತರತಿ. ಅವ್ವನ ಜೊತೆಗೇ ಇದ್ದು ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ.

ಹೋದ ರವಿವಾರ ಬನಹಟ್ಟಿಗೆ ಹೋದೆ. ವೈನಿ ಶೇಂಗಾ ಸುಲಿಯುತ್ತ ಕೂತಿದ್ದಳು. ನಾನೂ ಎದುರಿಗೆ ಕೂತು ಸುಲಿದೆ.

"ಏನ ಅಡಗಿಸಾಕತ್ತೀ? ಇಷ್ಟ ಹೊತ್ತ ಸುಮ್ಮ ಕುಂಡ್ರಾಂವ ಅಲ್ಲ ನೀ" ಅಂದಳು.

ಹೇಳಿಬಿಟ್ಟೆ. ಅವಳ ಕೈ ನಿಂತಿತು. ಅಂಜಬೇಡ ಅನ್ನುತ್ತಾಳೆಂದು ಕಾಯುತ್ತಿದ್ದೆ.

"ನನಗ ಇನ್ನೂ ಅಂಜಿಕಿ ಹೋಗಿಲ್ಲೋ ತಮ್ಮಾ. ಮುಂಜಾನಿ ಗ್ಯಾಸ್ ಬಂದ್ ಮಾಡೀನೋ ಇಲ್ಲೋ ಅಂತ ನಾಕ ಸಲ ಮುಟ್ಟಿ ನೋಡೀನಿ. ಸುಧಾ ಬರೂದು ಹತ್ತ ಮಿನಿಟ ತಡಾ ಆದ್ರ ಆ ಟಾಕಿ ನೆನಪಾಗ್ತೈತಿ" ಅಂದಳು. ಆಮೇಲೆ, "ಹೇಂತಿಗೆ ಹೇಳೀಯಿಲ್ಲೋ?" ಎಂದು ಕೇಳಿದಳು.

"ಇಲ್ರಿ."

"ಪಾಪ, ಆಕಿ ಏನ ಮಾಡ್ಯಾಳಂತ ಆಕಿಗೆ ಮುಚ್ಚಿಟ್ಟೀ?" ಅಂದಳು. ಮತ್ತೆ ಶೇಂಗಾ ಸುಲಿಯತೊಡಗಿದಳು.

ಮನೆಗೆ ಹೋಗಿ ಹೇಳೋಣವೆಂದೇ ಹೊರಟೆ. ಆದರೆ ನನ್ನ ಧೈರ್ಯದ ಆಯುಷ್ಯ ನನಗೆ ಗೊತ್ತು. ಜಮಖಂಡಿಯವರೆಗೆ ಅದು ಬಾಳಿಕೆ ಬರುವಂಥದ್ದಲ್ಲ. ಬಸ್ ಸ್ಟ್ಯಾಂಡಿನಲ್ಲೇ ನಿಂತು ಹೆಂಡತಿಗೆ ಫೋನ್ ಹಚ್ಚಿದೆ. ಎಲ್ಲ ಹೇಳಿದೆ. ಪಕ್ಕದವರು ತಿರುಗಿ ನೋಡಿದರು. ಫೋನ್ ಕಟ್ಟಾಯಿತೆಂದುಕೊಂಡೆ.

"ಈಗ ಬಸ್ಸಿನ ಬೋರ್ಡ್ ಕಾಣ್ತೈತೇನ್ರಿ?" ಅಂದಳು ಅವಳು.

"ಕಾಣ್ತೈತಿ."

"ಓದ್ರಿ ನೋಡೂಣು."

ಓದಿದೆ. ಬಸ್ಸು ಹತ್ತಿ, ಸೀಟು ಹಿಡಿದು ಕೂತೆ. ಊರು ದಾಟಿ ಕಬ್ಬಿನ ಹೊಲಗಳು ಬಂದವು. ಇಬ್ಬರಿಗೂ ಏನು ಮಾತಾಡಬೇಕೆಂದು ತಿಳಿಯಲಿಲ್ಲ. ಆದರೂ ಜಮಖಂಡಿ ಬರುವ ತನಕ ಅವಳು ಫೋನ್ ಇಡಲಿಲ್ಲ.