ಕಿಟಕಿಯಲ್ಲಿ ಒಣಗಿದ ಜರಡಿ

ಬೆಟ್ಟದ ಗಣಿಯ ಪ್ರಯೋಗಾಲಯದಲ್ಲಿ ಕಲ್ಲು ಪುಡಿ ಮಾಡುವವನಿಗೆ ಜೊತೆಯವರು ಇಟ್ಟ ಹೆಸರು ತೊಳೆಯಪ್ಪ. ಒಂದು ಕಲ್ಲು ಅರೆದು ಇನ್ನೊಂದಕ್ಕೆ ಕೈ ಹಾಕುವ ಮೊದಲು ಯಂತ್ರ, ಜರಡಿ, ಮೇಜು ಎಲ್ಲವನ್ನೂ ತೊಳೆಯದಿದ್ದರೆ ಅವನಿಗೆ ಸಮಾಧಾನವಿಲ್ಲ. ಅದರಲ್ಲಿ ತಪ್ಪೇನೂ ಇಲ್ಲ. ಜ್ವಾಲಾಮುಖಿ ಕಾರಿದ ಕಲ್ಲನ್ನು ಅರೆದು ಜರಡಿ ಹಿಡಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಹರಳು ಸಿಗುತ್ತವೆ. ಲಾವಾ ಯಾವ ಕಾಲದ್ದೆಂದು ಹೇಳುವುದು ಅವೇ. ಬೇರೆ ಕಲ್ಲಿನ ನಾಲ್ಕು ಹರಳು ಬೆರೆತರೆ ಬೆಟ್ಟದ ವಯಸ್ಸೇ ಎಡವಟ್ಟಾಗುತ್ತದೆ. ತಪ್ಪೆಂದರೆ, ಈ ಮಹಾನುಭಾವ ಆ ಶಾಸ್ತ್ರವನ್ನು ಮನೆಗೂ ತಂದದ್ದು. ಹೆಂಡತಿ ಬಡಿಸಲು ಬಂದರೆ ಸಾಕು, "ಕೈ ತೊಳ್ಕೊಂಡ್ಯಾ?" ಎನ್ನುತ್ತಿದ್ದ. ಪಾಪ, ಅವಳು ಹಲ್ಲು ಕಚ್ಚಿಕೊಂಡು ಸಂಸಾರ ಮಾಡಿದ್ದಳು.

ಒಂದು ದಿನ ಪ್ರಯೋಗಾಲಯದ ನಲ್ಲಿ ಕೈಕೊಟ್ಟಿತು. ತೊಳೆಯಪ್ಪ ಸಣ್ಣ ಕಣ್ಣಿನ ಜರಡಿಯನ್ನು ಮನೆಗೆ ತಂದು, ಎಳೆಮಗುವಿಗೆ ಸ್ನಾನ ಮಾಡಿಸುವ ಹಾಗೆ ತೊಳೆದು, ಅಡುಗೆಮನೆಯ ಕಿಟಕಿಯಲ್ಲಿ ಒಣಗಲಿಟ್ಟ. ಮರುದಿನ ಸಂಜೆ ಎತ್ತಿಕೊಂಡು ಹೋಗಿ, ಮತ್ತೆ ಪರೀಕ್ಷಿಸದೆ ಉತ್ತರದ ಗುಡ್ಡದ ಕಲ್ಲಿನ ಪುಡಿಯನ್ನು ಅದರಲ್ಲಿ ಹಾಕಿದ. ತನ್ನ ಮನೆಗಿಂತ ಶುಚಿಯಾದ ಜಾಗ ಇನ್ನೆಲ್ಲೂ ಇಲ್ಲ ಎಂಬುದು ಅವನ ನಂಬಿಕೆ.

ಫಲಿತಾಂಶ ಬಂದಾಗ ಪ್ರಯೋಗಾಲಯದಲ್ಲಿ ಗದ್ದಲವೋ ಗದ್ದಲ. ರಾಸಾಯನಿಕ ಪರೀಕ್ಷೆಯ ಪ್ರಕಾರ ಉತ್ತರದ ಗುಡ್ಡ ಪಕ್ಕದ ಎಳೆಯ ಗುಡ್ಡಗಳ ಒಡಹುಟ್ಟು. ಆದರೆ ಹರಳುಗಳಲ್ಲಿ ಕೆಲವು ಮುತ್ತಜ್ಜನ ಕಾಲದವು. ಆ ಸೀಮೆಯಲ್ಲಿ ತಾಮ್ರ ಸಿಕ್ಕಿದ್ದೆಲ್ಲ ಹಳೆಯ ಕಲ್ಲಿನಲ್ಲೇ. ಭೂವಿಜ್ಞಾನಿ ಮೇಡಂಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ಅಡೀಲಿ ಹಳೇ ಬಂಡೆ ಇದೆ, ಲಾವಾ ಅದನ್ನ ಕೆರ್ಕೊಂಡು ಮೇಲೆ ಬಂದಿದೆ. ನಾಳೆ ಸಭೇಲಿ ಮಾಲೀಕರಿಗೆ ಹೇಳಿ ಅಲ್ಲೇ ಕೊರೆಸೋಣ," ಎಂದರು. "ನೀವು ಮಾಡಿದ ಪುಡಿ ಅಂದ್ಮೇಲೆ ಅನುಮಾನವೇ ಇಲ್ಲ ಬಿಡಿ."

ತೊಳೆಯಪ್ಪ ಎದೆಯುಬ್ಬಿಸಿಕೊಂಡು ಮನೆಗೆ ಬಂದು ಎಲ್ಲವನ್ನೂ ಹೇಳಿದ. ಹೆಂಡತಿ ಹೂಕುಂಡಕ್ಕೆ ನೀರು ಹಾಕುತ್ತಿದ್ದಳು.

"ಒಳ್ಳೇ ಜರಡಿ ರೀ ಅದು. ಕುಂಡಕ್ಕೆ ಹೊಳೆ ಮರಳು ಜರಡಿ ಹಿಡಿದೆ, ಎಷ್ಟು ನುಣ್ಣಗೆ ಬಂತು ನೋಡಿ."

"ಯಾವ ಜರಡಿ?"

"ಕಿಟಕೀಲಿ ಇಟ್ಟಿದ್ರಲ್ಲ, ಅದೇ. ಆಮೇಲೆ ಒರೆಸಿಟ್ಟೆ."

ತೊಳೆಯಪ್ಪ ಕುಂಡದೊಳಗೆ ಬಗ್ಗಿ ನೋಡಿದ. ಹೊಳೆಯ ಮರಳೆಂದರೆ ನೂರೆಂಟು ಬೆಟ್ಟಗಳ ಹರಳು. ಬಾಯಿಬಿಟ್ಟರೆ ಇಷ್ಟು ವರ್ಷ ಗಳಿಸಿದ ಹೆಸರು ಮಣ್ಣುಪಾಲು. ಸುಮ್ಮನಿದ್ದರೆ ಹೂಕುಂಡದ ಮರಳನ್ನು ನಂಬಿ ಗುಡ್ಡ ಕೊರೆಸುತ್ತಾರೆ. ಅವನಿಗೆ ಅಳುವೇ ಬಂತು.

"ಹೆಂಡ್ತಿ ಮುಟ್ಟಿದ್ಲು ಅಂತ ಹೇಳ್ಬಿಡಿ," ಎಂದಳು ಅವಳು, ಗಂಡನ ಮುಖ ನೋಡಲಾರದೆ.

"ಇಲ್ಲ ಕಣೇ. ನೋಡ್ದೆ ಪುಡಿ ಹಾಕಿದವನು ನಾನು."

ಬೆಳಿಗ್ಗೆ ಸಭೆಗೆ ಮುಂಚೆ ಕುಂಡವನ್ನು ಅವಚಿಕೊಂಡು ಮೇಡಂ ಕೋಣೆಗೆ ಹೋಗಿ, "ನಿಮ್ಮ ಹಳೇ ಬಂಡೆ ಇದರಲ್ಲಿದೆ, ಮೇಡಂ," ಎಂದು ಮೇಜಿನ ಮೇಲಿಟ್ಟ. ನಡೆದದ್ದನ್ನು ಕೇಳಿ ಮೇಡಂ ಮುಖ ಸಪ್ಪಗಾಯಿತು. ಸಭೆ ನಿಂತಿತು, ಹೊಸ ಜರಡಿ ಬಂತು, ಕಲ್ಲನ್ನು ಮತ್ತೆ ಅರೆದದ್ದಾಯಿತು. ಗುಡ್ಡ ಎಳೆಯದೇ ಎಂದು ಖಾತ್ರಿಯಾಯಿತು. ತೊಳೆಯಪ್ಪನ ಕೆಲಸ ಉಳಿಯಿತು, ಹೆಸರೂ ಉಳಿಯಿತು. ಕರೆಯುವಾಗ ಜನ ನಗುತ್ತಾರೆ, ಅಷ್ಟೇ.

ಆ ಸುದ್ದಿ ತಂದ ದಿನ ಅವನು ಊಟಕ್ಕೆ ಕುಳಿತಾಗ ಹೆಂಡತಿ ತಟ್ಟೆಯನ್ನು ಕೈಯಲ್ಲೇ ಹಿಡಿದು ನಿಂತಳು.

"ಕೈ ತೊಳ್ಕೊಂಡ್ರಾ?"

"ತೊಳ್ಕೊಂಡೆ."

"ಇನ್ನೊಂದ್ಸಲ ತೊಳ್ಕೊಂಡು ಬನ್ನಿ."

ತೊಳೆಯಪ್ಪ ತೆಪ್ಪಗೆ ಎದ್ದು ನಲ್ಲಿಯತ್ತ ನಡೆದ.